ಗ್ರಹಣದ ಒಂಬತ್ತು ನಿಮಿಷ

ಈ ಗ್ರಹದ ಇಬ್ಬರು ಸೂರ್ಯರಲ್ಲಿ ಪಾದರಸದ ದೀಪದಂತೆ ನೀಲಿಯಾದವನು ಬಿಳಿ ಸೂರ್ಯನ ಮರೆಗೆ ಸರಿದ ಕೂಡಲೇ ಆರೋಗ್ಯ ಕೇಂದ್ರದ ಜಗಲಿ ತುಂಬಿಹೋಯಿತು. ನೀಲಿ ಸೂರ್ಯನ ಬೆಳಕಿನಲ್ಲಾಗಲಿ ದೀಪದಲ್ಲಾಗಲಿ ಕಾಮಾಲೆಯ ಹಳದಿ ಸರಿಯಾಗಿ ತಿಳಿಯುವುದಿಲ್ಲ. ಹಾಗಾಗಿ ಮೂರು ದಿನಕ್ಕೊಮ್ಮೆ ಬರುವ ಗ್ರಹಣದ ಒಂಬತ್ತು ನಿಮಿಷದಲ್ಲೇ ನರ್ಸ್ ದ್ರಾಕ್ಷಾಯಣಿ ಎಲ್ಲ ಕೂಸುಗಳ ಕಣ್ಣು ನೋಡಿ ಮುಗಿಸಬೇಕು. ಹತ್ತೊಂಬತ್ತು ಮುಗಿಯುವಷ್ಟರಲ್ಲಿ ಅವಳ ಸೊಂಟ ಬಿದ್ದುಹೋಗಿತ್ತು.

ಇಪ್ಪತ್ತನೆಯದು ಅಜ್ಜಿಯ ಸೆರಗಿನೊಳಗಿತ್ತು. ಅಜ್ಜಿ ಗುರುಬಸವ್ವ ಭೂಮಿಯಿಂದ ಬಂದು ಇನ್ನೂ ತಿಂಗಳಾಗಿರಲಿಲ್ಲ.

“ಗ್ರಹಣದಾಗ ಕೂಸನ್ನ ಯಾರರ ಹೊರಗ ತರ್ತಾರೇನವ್ವಾ?”

“ಇಲ್ಲಿ ಎಲ್ಲಾರೂ ತರ್ತಾರ ಅಜ್ಜಿ. ಸೆರಗು ತೆಗೀರಿ, ಹೊತ್ತಾತು.”

ಅಜ್ಜಿ ಗೊಣಗುತ್ತ ಸೆರಗು ಸರಿಸಿದಳು. ಕೂಸಿನ ಕಣ್ಣಿನ ಬಿಳಿಭಾಗ ಅರಿಸಿನ ಕಲಸಿದಂತಿತ್ತು. ದ್ರಾಕ್ಷಾಯಣಿ ಇನ್ನೊಮ್ಮೆ ಬಗ್ಗುವಷ್ಟರಲ್ಲಿ ನೀಲಿ ಬೆಳಕು ಮರಳಿತು, ಹಳದಿ ಮಾಯವಾಯಿತು.

“ನೋಡು, ಎಷ್ಟು ಛಲೋ ಅದಾನ! ನಿನಗ ದಣಿವಾಗೇತಿ.”

ಆಗಿದ್ದು ನಿಜ. ಅವಳ ಕಣ್ಣು ಉರಿಯುತ್ತಿದ್ದವು. ತಾನು ಕಂಡದ್ದು ಹೌದೇ? ಮತ್ತೆ ನೋಡಬೇಕೆಂದರೆ ಮೂರು ದಿನ. ಹೌದಾದರೆ ಅಷ್ಟು ದಿನ ಈ ಕೂಸು ತಡೆಯಲಾರದು.

“ದಣಿದೀನಿ ಅಜ್ಜಿ,” ಎನ್ನುತ್ತ ಅವಳು ಕೂಸನ್ನು ಎತ್ತಿಕೊಂಡಳು. “ಆದ್ರೂ ಕಂಡಿದ್ದು ಕಂಡೀನಿ. ಅಡ್ಮಿಟ್ ಮಾಡ್ತೀನಿ, ಒಳಗ ನಡೀರಿ.”

“ಒಳಗ ಅಂತ ನಾನೂ ಆಗಿಂದ ಹೇಳಾಕತ್ತೀನಲ್ಲ,” ಎಂದು ಗುರುಬಸವ್ವ ಅವಳ ಹಿಂದೆ ನಡೆದಳು.