ಸದ್ದಿಲ್ಲದ ಕಾರು

"ಅಪ್ಪಾ, ನಿಮ್ಮ ಓಬೀರಾಯನ ಕಾಲದ ವ್ಯಾನ್ ಥರ ಗಡಗಡ ಅನ್ನಲ್ಲ ಇದು. ಆರಾಮಾಗಿ ಪ್ರಾಕ್ಟೀಸ್ ಮಾಡಿ," ಎನ್ನುತ್ತ ಧೀರಜ್ ಹೊಸ ಸೆಡಾನನ್ನು ಸ್ಟರ್ಲಿಂಗ್ ಪಟ್ಟಣ ದಾಟಿಸಿದ. ಇನ್ನು ಅರ್ಧ ಗಂಟೆಗೆ ದೇವಸ್ಥಾನದಲ್ಲಿ ಕೃಷ್ಣಸ್ವಾಮಿಯವರ ಗಮಕ ವಾಚನ.

ಹಿಂದಿನ ಸೀಟಿನಲ್ಲಿ ಅವರು ಕಣ್ಣು ಮುಚ್ಚಿ ಷಟ್ಪದಿ ಶುರುಮಾಡಿದರು. ಮೂರನೆಯ ಸಾಲಿಗೆ ಪದಗಳು ಜಾರಿ ಬರೀ ರಾಗ ಉಳಿಯಿತು. ಮುಂದಿನ ಪದ್ಯದಲ್ಲೂ ಹಾಗೆಯೇ. ಪಕ್ಕದಲ್ಲಿದ್ದ ಹೆಂಡತಿ ಬೆಚ್ಚಿದರು. ಗಂಡ ಎಷ್ಟು ತಿಂಗಳಿಂದ ಹೀಗೆ ಮರೆಯುತ್ತಿದ್ದರೋ, ವ್ಯಾನಿನ ಸದ್ದಿನಲ್ಲಿ ಆಕೆಗೆ ಕೇಳಿಸಿರಲೇ ಇಲ್ಲ.

"ಏನಪ್ಪಾ, ಮರ್ತೋಯ್ತಾ?" ಧೀರಜ್ ಕನ್ನಡಿಯಲ್ಲಿ ನೋಡಿ ನಕ್ಕ. ಕೃಷ್ಣಸ್ವಾಮಿ ಹೆಂಡತಿಯ ಕೈ ಬಿಗಿಯಾಗಿ ಹಿಡಿದುಕೊಂಡರು.

ಆಕೆ ಕಿಟಕಿ ಪೂರ್ತಿ ಇಳಿಸಿದರು. ಹೈವೇ ಗಾಳಿ ಭೋರೆಂದು ನುಗ್ಗಿತು.

"ಅಮ್ಮಾ, ಏಸಿ ಆನ್ ಇದೆ!"

"ಇರ್ಲಿ ಬಿಡೋ, ನಂಗೆ ಸೆಕೆ."

ಆ ಸದ್ದಿನ ಮರೆಯಲ್ಲಿ ಅವರು ಗಂಡನ ಕಿವಿಗೆ ಬಾಯಿಟ್ಟು, ಮರೆತ ಸಾಲನ್ನು ಮೆಲ್ಲಗೆ ಹೇಳಿಕೊಡತೊಡಗಿದರು.