ನಿಲ್ಲದ ಕೈಗಳು

ಉಸಿರು ನಿಂತು ನೆಲದ ಮೇಲೆ ಬಿದ್ದಿದ್ದ ವಾರಿಜಾಕ್ಷಿಯ ಎದೆಯನ್ನು ಆಂಬುಲೆನ್ಸಿನ ಹುಡುಗಿ ಲವಿಟಾ ಒತ್ತುತ್ತಿದ್ದಾಗ ಎಲುಬೊಂದು ಲಟಕ್ಕೆಂದಿತು. ಗಂಡ ಗುಣಪಾಲ ನುಗ್ಗಿ ಬಂದು ಆ ಹುಡುಗಿಯ ಮುಖಕ್ಕೆ ಬಾರಿಸಿಬಿಟ್ಟ. "ಅವಳನ್ನು ಕೊಲ್ತೀಯಾ ನೀನು?"

ಗಲ್ಫ್ ನಗರದ ಊದ್ ಮೇಥಾ ಬಡಾವಣೆಯ ಆ ಫ್ಲ್ಯಾಟಿನಲ್ಲಿ ಸೇರಿದ್ದ ನೆರೆಯವರು ಬೆಚ್ಚಿಬಿದ್ದರು. ಆಂಬುಲೆನ್ಸಿನವರ ಮೇಲೆ ಕೈಮಾಡಿದರೆ ಜೈಲು, ಆಮೇಲೆ ಗಡೀಪಾರು ಎಂದು ಎಲ್ಲರೂ ಕೇಳಿ ಬಲ್ಲವರೇ. ಲವಿಟಾಳ ತುಟಿ ಒಡೆದು ರಕ್ತ ಗಲ್ಲಕ್ಕಿಳಿಯಿತು. ಆದರೂ ಒತ್ತುತ್ತಿದ್ದ ಅವಳ ಕೈಗಳು ಒಂದು ಕ್ಷಣವೂ ನಿಲ್ಲಲಿಲ್ಲ. "ಎಲುಬು ಮುರಿದ್ರೆ ಕೂಡ್ತದೆ ಅಣ್ಣಾ," ಎಂದಳು ಏದುಸಿರಿನಲ್ಲೇ, "ನಾನು ನಿಲ್ಲಿಸಿದ್ರೆ ಅಕ್ಕ ಉಳಿಯುದಿಲ್ಲ."

ಗುಣಪಾಲ ಕುಸಿದು ಕುಳಿತ. ತಾನು ಹೊಡೆದವಳ ಕೈಗಳನ್ನೇ ಕಣ್ಣೆವೆ ಮಿಟುಕಿಸದೆ ನೋಡಿದ. ಎಷ್ಟೋ ಹೊತ್ತಿನ ಮೇಲೆ ವಾರಿಜಾಕ್ಷಿ ಕೆಮ್ಮಿದಳು. ಎದೆ ತಾನಾಗಿಯೇ ಮೇಲೆದ್ದಿತು.

ಕೆಳಗಿನಿಂದ ಬಂದ ಪೊಲೀಸಿನವನು ಲವಿಟಾಳ ತುಟಿ ನೋಡಿ, "ಕಿಸ್ನೇ ಮಾರಾ?" ಎಂದು, ಹೊಡೆದದ್ದು ಯಾರೆಂದು ಹಿಂದಿಯಲ್ಲಿ ಗದರಿದ. ಅವಳು ಬಾಯಿ ತೆರೆಯುವ ಮೊದಲೇ ಗುಣಪಾಲ ಎದ್ದು, "ನಾನೇ ಸಾರ್," ಎಂದು ಎರಡೂ ಕೈಗಳನ್ನು ಚಾಚಿದ. ಕೋಳ ಬಿದ್ದದ್ದು ಅವನಿಗೆ ತಿಳಿಯಲೇ ಇಲ್ಲ. ಅವನ ಕಣ್ಣು ಏರಿಳಿಯುತ್ತಿದ್ದ ಹೆಂಡತಿಯ ಎದೆಯ ಮೇಲಿತ್ತು.