ಗಾಜಿನ ಹಿಂದಿನ ಕುರ್ಚಿ

ಹದಿನಾಲ್ಕು ವರ್ಷ ಪಾಳುಬಿದ್ದಿದ್ದ ಗಡಿಯಾರದ ಕಾರ್ಖಾನೆಯನ್ನು ಕೆಡವದೆ ಉಳಿಸಿ, ಸುಣ್ಣಬಣ್ಣ ಬಳಿದು ಮ್ಯೂಸಿಯಂ ಮಾಡಿದ್ದರು. ಅಲ್ಲಿ ಇಪ್ಪತ್ತಾರು ವರ್ಷ ವಾಚು ಜೋಡಿಸಿದ್ದ ಫಿಲೋಮಿನಾಳಿಗೂ ಕರೆ ಬಂತು. ಉದ್ಘಾಟನೆಯ ಬೆಳಿಗ್ಗೆ ಅವಳು ಹೋದಾಗ ಮ್ಯೂಸಿಯಂ ಅಧಿಕಾರಿ ನೀಲಿ ಕೋಟೊಂದನ್ನು ಮುಂದೆ ಹಿಡಿದ.

“ಇದನ್ನ ಹಾಕ್ಕೊಂಡು ಗಾಜಿನ ಹಿಂದೆ ನಿಮ್ಮ ಹಳೇ ಜಾಗದಲ್ಲಿ ಕೂತ್ಕೊಳ್ಳಿ ಅಮ್ಮ. ಜನ ಹೊರಗಡೆಯಿಂದ ನೋಡ್ತಾರೆ.”

“ಕೂತು ಏನು ಮಾಡ್ಲಿ?”

“ವಾಚು ಜೋಡಿಸೋ ಹಾಗೆ ನಟಿಸಿದ್ರೆ ಸಾಕು. ಅದರೊಳಗೆ ಮಿಷಿನ್ ಇಲ್ಲ, ಬರೀ ಖಾಲಿ ಡಬ್ಬಿ.”

“ನಿಜವಾಗ್ಲೂ ದುಡೀತಿದ್ದಾಗ ‘ಕೆಲಸದ ನಾಟಕ ಆಡ್ತೀರ’ ಅಂತ ಬೈದು ಮನೆಗೆ ಕಳಿಸಿದ್ರಿ. ಈಗ ನಾಟಕ ಆಡೋಕೇ ಕರೆಸಿದ್ದೀರ. ಪರವಾಗಿಲ್ಲ, ಬಡ್ತಿ ಕೊಟ್ಟಿದ್ದೀರ!”

ಅಧಿಕಾರಿ ಪೆಚ್ಚಾದ. “ಆಗ ನಾನಿರ್ಲಿಲ್ಲಮ್ಮ. ನಿಮಗೊಂದು ಗೌರವ ಅಂತ...”

“ಕಾರ್ಖಾನೆ ಮುಚ್ಚಬೇಡಿ ಅಂತ ನಾವು ಮುನ್ನೂರು ಹೆಂಗಸರು ಗೇಟಿನ ಮುಂದೆ ಧರಣಿ ಕೂತಾಗ ಗಾಜೂ ಇರ್ಲಿಲ್ಲ, ನೋಡೋರೂ ಇರ್ಲಿಲ್ಲ. ಇಟ್ಕೊಳ್ಳಿ ನಿಮ್ಮ ಗೌರವ.”

ಅವಳು ಕೋಟನ್ನು ಮೇಜಿನ ಮೇಲೆಸೆದು ಹೊರಟಳು. ಅಧಿಕಾರಿ ಹಿಂದೆಯೇ ಓಡಿ ಬಂದ.

“ಹಾಗನ್ನಬೇಡಿ. ನಿಮ್ಮ ಆಗಿನ ಮ್ಯಾನೇಜರ್ ಸಾಹೇಬರೇ ಒಪ್ಪಿದ್ದಾರೆ. ಪೇಪರಿನವರು ಫೋಟೋ ತೆಗೀತಾರೆ ಅಂದಿದ್ದಕ್ಕೆ ಏಳು ಗಂಟೆಗೇ ಬಂದು ಕೂತಿದ್ದಾರೆ.”

ಫಿಲೋಮಿನಾ ತಿರುಗಿ ನೋಡಿದಳು. ಕಾರ್ಖಾನೆ ಮುಚ್ಚುವ ನೋಟಿಸಿಗೆ ಸಹಿ ಹಾಕಿದ್ದ ಅದೇ ಮನುಷ್ಯ, ಕೆಲಸಗಾರರ ನೀಲಿ ಕೋಟು ತೊಟ್ಟು, ವಾಚು ಜೋಡಿಸುವವರ ಭೂತಗನ್ನಡಿಯನ್ನು ಹಿಂದುಮುಂದಾಗಿ ಕಣ್ಣಿಗೊತ್ತಿಕೊಂಡು, ಗಾಜಿನಾಚೆ ಖಾಲಿ ಡಬ್ಬಿಯೊಂದನ್ನು ಚಿಮಟದಿಂದ ಕುಟ್ಟುತ್ತಿದ್ದ.

ಅವಳು ಪರ್ಸು ತೆರೆದಳು.

“ಟಿಕೆಟ್ ಎಲ್ಲಿ ಕೊಡ್ತೀರಿ?”